ಗಂಟೆಗೆ ಇಪ್ಪತ್ತು ನಿಮಿಷ

ಕೀಲಿಕೈ ಗೊಂಚಲಲ್ಲಿ ನನ್ನದು ಕೊನೆಯದು:
ಜೆಪ್ಪು ಶಾಲೆಯ ಮೆಟ್ಟಿಲ ಕೆಳಗಿನ ಕೋಣೆ.
ಮೊದಲು ಆಟದ ಸಾಮಾನಿನದು. ಈಗಲೂ ಮೂಲೆಯಲ್ಲಿ
ಗಾಳಿ ಹೋದ ಎರಡು ವಾಲಿಬಾಲು ಹಾಜರು.
ಬಾಗಿಲ ಮೇಲೆ ಬೋರ್ಡು: ಕಲಿಕಾ ಬೆಂಬಲ ವಿಭಾಗ.
ವಿಭಾಗ ಅಂದರೆ ನಾನು, ಗ್ರೆಟ್ಟಾ ಟೀಚರ್,
ಒಂದು ಫ್ಯಾನು, ತುಕ್ಕಿನ ಕಪಾಟು,
ಇಪ್ಪತ್ತಮೂರು ಮಕ್ಕಳ ಫೈಲು,
ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿಕೊಡಿ ಎಂದು
ಬರೆದ ಪತ್ರದ ಏಳು ನಕಲು.

ಪ್ರಜ್ವಿತನ ಹೆಸರಿನಲ್ಲೇ ಎರಡು ಒತ್ತು, ಕೊನೆಗೊಂದು ಅರೆ ಅಕ್ಷರ.
ಇಟ್ಟವರಿಗೆ ಗೊತ್ತಿರಲಿಲ್ಲ, ಪಾಪ.
ಸ್ಟೇಟ್‌ಬ್ಯಾಂಕ್ ಬಸ್ಸಿನ ಫುಟ್‌ಬೋರ್ಡಿಗೆ ಜೋತುಬಿದ್ದವರ ಹಾಗೆ
ಒತ್ತಕ್ಷರಗಳು ಅವನಿಗೆ;
ಯಾವ ತಿರುವಿನಲ್ಲಿ ಯಾರು ಉದುರುತ್ತಾರೋ.
ವ-ಕ್ಕೆ ಬಾಲ ಬಂದರೆ ಮ ಆಗಿಬಿಡುತ್ತದೆ,
ಪ-ದ ಹೊಟ್ಟೆ ಸೀಳಿದರೆ ಷ.
"ಯಾರು ಟೀಚರ್ ಹೀಗೆ ಮಾಡಿದ್ದು?" ಎಂದು ಒಮ್ಮೆ ಕೇಳಿದ,
ಹೆಸರು ಸಿಕ್ಕಿದರೆ ಈಗಲೇ ಹೋಗಿ
ಮಾತಾಡಿ ಬರುವವನ ಹಾಗೆ.
ಆದರೆ ಬರೀ ಹಾರ್ನು ಕೇಳಿ ಹೇಳುತ್ತಾನೆ
ಮಾರ್ಗದಲ್ಲಿ ಹೋದದ್ದು ಯಾವ ಬಸ್ಸು,
ಇವತ್ತು ಯಾವ ಡ್ರೈವರು,
ಎಷ್ಟು ನಿಮಿಷ ಲೇಟು.

ಸರ್ಟಿಫಿಕೇಟಿಗೆಂದು ವೆನ್ಲಾಕಿನ ಬೆಂಚಿನಲ್ಲಿ
ಮೂರು ಸೋಮವಾರ ಕೂತೆವು, ಅವನು, ನಾನು, ವಾರಿಜಕ್ಕ.
ಗೇರುಬೀಜ ಸುಲಿದು ಕಪ್ಪಾದ ಬೆರಳನ್ನು
ಸೆರಗಿನೊಳಗೆ ಇಟ್ಟುಕೊಂಡೇ ಅವಳು ಕೇಳಿದಳು:
"ಪಾಸಾಗಲಿಕ್ಕೆ ಮೂವತ್ತೈದು ಸಾಕು,
ಆಗುವುದಿಲ್ಲ ಅನ್ನಲಿಕ್ಕೆ ನಲವತ್ತು ಬೇಕಾ?"
ನಾನು ನಕ್ಕೆ.
ಅವಳು ನಗಲಿಲ್ಲ.

"ಒಬ್ಬನಿಗೆ ಮಾತ್ರ ಒಂದು ಗಂಟೆ ಜಾಸ್ತಿ!
ಉಳಿದವರಿಗೆ ಅನ್ಯಾಯ ಅಲ್ಲವಾ ಅದು?"
ಸ್ಟಾಫ್ ರೂಮಿನಲ್ಲಿ ಹೆಬ್ಬಾರ್ ಸರ್ ಕೇಳಿದರು,
ಕನ್ನಡಕ ಒರೆಸಿ, ಮೂಗಿನ ಮೇಲೆ
ಸರಿಯಾಗಿ ಕೂರಿಸಿಕೊಂಡು.
ನಾನು ಚಾ ಕುಡಿದೆ.

ಬರೆದುಕೊಡಲು ಒಂಬತ್ತನೆಯ ತರಗತಿಯ ಮಿಸ್ರಿಯಾ.
ಮುತ್ತಿನಂಥ ಅಕ್ಷರ. ಎಲ್ಲದಕ್ಕೂ ಉತ್ತರ ಗೊತ್ತು,
ಅದೇ ನನಗೆ ಹೆದರಿಕೆ.
ನೀನು ಅವನ ಕೈ ಅಷ್ಟೆ, ಎಂದೆ.
ಕೈಗೆ ಏನೂ ಗೊತ್ತಿರುವುದಿಲ್ಲ.
"ಅವನು ತಪ್ಪು ಹೇಳಿದರೆ?"
ತಪ್ಪನ್ನೇ ಚಂದ ಮಾಡಿ ಬರಿ.
"ಗೊತ್ತಿದ್ದೂ ತಪ್ಪು ಬರೆದರೆ ಪಾಪ ಅಲ್ಲವಾ ಟೀಚರ್?"
ಮೂರು ದಿನ ಯೋಚಿಸಿದೆ.
ಆ ಪ್ರಶ್ನೆ ಇನ್ನೂ ಬಿಟ್ಟ ಜಾಗದಲ್ಲೇ ಉಂಟು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ. ನನ್ನ ಕೋಣೆಯಲ್ಲೇ.
ನೇತ್ರಾವತಿ ಯಾವ ದಿಕ್ಕಿಗೆ ಹರಿಯುತ್ತದೆ?
ಅವನು ಕಣ್ಣು ಮುಚ್ಚಿದ. ತೆರೆದ.
"ನಮ್ಮ ಕಡೆಗೆ."
ಪೆನ್ನು ನಿಂತಿತು. ಮಿಸ್ರಿಯಾ ನನ್ನನ್ನು ನೋಡಿದಳು,
ನಾನು ವಾಲಿಬಾಲನ್ನು ನೋಡಿದೆ.
ಆಮೇಲೆ ಕೇಳಿತು ನಿಬ್ಬಿನ ಸದ್ದು:
ನಮ್ಮ. ಕಡೆಗೆ.

ಎಲ್ಲರ ಗಂಟೆ ಹೊಡೆಯಿತು. ತಲೆಯ ಮೇಲೆ ಮೆಟ್ಟಿಲು
ಗುಡುಗಿ, ಮೆಲ್ಲಗೆ ಖಾಲಿಯಾಯಿತು.
ಪ್ಯೂನು ದೇಜಪ್ಪಣ್ಣ ಇಣುಕಿ "ಆಯ್ತಾ?" ಎಂದ.
ಇಲ್ಲ, ಇನ್ನೂ ಒಂದು ಗಂಟೆ ಉಂಟು.
ಅವನು ಗೋಡೆಯ ಗಡಿಯಾರ ನೋಡಿದ,
ನಾನೆಲ್ಲೋ ಅದನ್ನು ತಿರುಗಿಸಿಟ್ಟ ಹಾಗೆ.

"ಪ್ರಜಾಪ್ರಭುತ್ವ ಅಂದರೆ... ಅಂದರೆ..."
ಪದ ನನ್ನ ನಾಲಿಗೆಯ ತುದಿಗೆ ಬಂದು ಕೂತಿತು.
ಮಕ್ಕಳ ಅರ್ಧ ವಾಕ್ಯ ಮುಗಿಸಿಕೊಟ್ಟೇ
ಒಳ್ಳೆಯ ಟೀಚರ್ ಅನ್ನಿಸಿಕೊಂಡವಳು ನಾನು, ಹತ್ತೊಂಬತ್ತು ವರ್ಷ.
ಎಷ್ಟು ಮಕ್ಕಳ ಬಾಯಿಂದ ಎಷ್ಟು ಪದ
ಕಿತ್ತುಕೊಂಡಿದ್ದೇನೋ.
ತುಟಿ ಕಚ್ಚಿದೆ. ಫ್ಯಾನು ಕಿರುಗುಟ್ಟಿತು.
ಅವನು ಹುಡುಕುತ್ತಲೇ ಇದ್ದ,
ಅವಸರವಿಲ್ಲದೆ, ತನ್ನದೇ ಮನೆಯಲ್ಲಿ
ಚಪ್ಪಲಿ ಹುಡುಕುವವನಂತೆ.

ಹೊರಗೆ ಒಂದು ಹಾರ್ನು.
"ಮಾರ್ನಮಿಕಟ್ಟೆಯದ್ದು. ನಾಲ್ಕು ನಿಮಿಷ ಲೇಟು."
ಮಿಸ್ರಿಯಾ, ನಾನು ಕಲಿಸಿದ ಕೈ,
ತಲೆ ಎತ್ತದೆ ಅದನ್ನೂ ಬರೆದಳು.
"ಏ, ಅದಲ್ಲ ಮಾರಾಯ್ತಿ!"

ಹೊಡೆದು ಹಾಕಿದ್ದಾಳೆ, ಸ್ಕೇಲಿಟ್ಟು, ಒಂದೇ ಗೆರೆ.
ಅಡಿಯಲ್ಲಿ ಈಗಲೂ ಓದಬಹುದು.